ಒಂಬತ್ತು ಫಿಲಮ್ಮುಗಳ ಎಡ–ಬಲ ನೋಡುವ ಸಾಬಮ್ಮ

ಬೆಳಗಿನ ಐದೂ ಹತ್ತು. ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯಲ್ಲಿ, ಫರಸಿ ಕಲ್ಲಿನ ಗಣಿಗಳು ಮುಗಿಯುವಲ್ಲಿ ತಗಡಿನ ಮಾಡಿನ ಕಟ್ಟಡವೊಂದಿದೆ. ಅದರಲ್ಲಿ ಈ ಹೊತ್ತಿಗೆ ಒಂದೇ ಕೋಣೆಯಲ್ಲಿ ಬೆಳಕು. ಹಾಲುಬಣ್ಣದ ಗಾಜಿನ ಮೇಜು, ಗಾಜಿನ ಕೆಳಗೆ ದೀಪ, ಮೇಲೆ ಅಂಗೈ ಅಗಲದ ಎಕ್ಸ್‌ರೇ ಫಿಲಮ್ಮು. ಸಾಬಮ್ಮ ಸೆರಗಿನ ತುದಿಯಿಂದ ಬಲಗಣ್ಣು ಮುಚ್ಚಿಕೊಂಡು ಮೇಜಿನ ಮೇಲೆ ಬಾಗಿದ್ದಾರೆ. ಬಲಗಣ್ಣಿಗೆ ಪೊರೆ ಬಂದಿದೆ, ಈಗ ಕೆಲಸವೆಲ್ಲ ಎಡಗಣ್ಣಿನದೇ.

ಫಿಲಮ್ಮಿನ ತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಸಾಬಮ್ಮನವರ ಕೈಯಲ್ಲಿ ಇನ್ನೊಂದು ಸಣ್ಣ ಫಿಲಮ್ಮಿನ ಪಟ್ಟಿ. ಅದರಲ್ಲಿ ಹದಿನೈದು ಚುಕ್ಕೆಗಳು ತಿಳಿಯಿಂದ ಗಾಢಕ್ಕೆ ಸಾಲಾಗಿ ನಿಂತಿವೆ, ಪ್ರತಿಯೊಂದರ ಕೆಳಗೂ ಒಂದು ಅಂಕಿ. ಪಟ್ಟಿಯನ್ನು ಚುಕ್ಕೆಯ ಪಕ್ಕಕ್ಕೆ ಸರಿಸುತ್ತಾರೆ, ಒಂದು ಕ್ಷಣ ಉಸಿರು ಹಿಡಿಯುತ್ತಾರೆ, "ಏಳು" ಎನ್ನುತ್ತಾರೆ. ಫಿಲಮ್ಮಿನ ಆಚೆ ಬದಿಯಲ್ಲಿರುವ ಅದರ ಜೋಡಿ ಚುಕ್ಕೆಗೆ ಹೋಗಿ, "ಎಂಟೂವರಿ." ಗೆರೆ ಎಳೆದ ಪುಸ್ತಕದಲ್ಲಿ ತಾವೇ ಬರೆದುಕೊಳ್ಳುತ್ತಾರೆ. ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಕಲ್ಲಿನ ಅಡ್ಡೆಯಲ್ಲಿ ಅಳತೆ ಬರೆದು ಕಲಿತದ್ದು.

"ಆರೂವರಿ ತನಕ ಮಾತಾಡಬ್ಯಾಡ್ರಿ ಸರ. ಆಮ್ಯಾಗ ಎಷ್ಟು ಬೇಕಷ್ಟು ಕೇಳ್ರಿ" ಎಂದು ಬಂದ ಕೂಡಲೇ ಹೇಳಿದ್ದಾರೆ. ಆರೂವರೆಗೆ ಆಚೆಯ ಕಲ್ಲು ಪುಡಿ ಮಾಡುವ ಯಂತ್ರ ಶುರುವಾಗುತ್ತದೆ. ಆಗ ಕರೆಂಟು ಕುಗ್ಗಿ ಮೇಜಿನ ದೀಪ ನಡುಗುತ್ತದೆ, ಏಳಕ್ಕೂ ಎಂಟಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಓದುವುದೇನಿದ್ದರೂ ಈ ಒಂದೂಕಾಲು ಗಂಟೆಯೊಳಗೆ. ಬಾಯಿ ಮುಚ್ಚಿ ಕೂರುವುದು ನನ್ನಂಥ ವರದಿಗಾರನಿಗೆ ಎಷ್ಟು ಕಷ್ಟ ಎಂದು ಆಕೆಗೇನು ಗೊತ್ತು, ಮೂಲೆಯ ಸ್ಟೂಲಿನಲ್ಲಿ ಕೈಕಟ್ಟಿ ಕುಳಿತೆ.

ಇವತ್ತು ಗುರುವಾರ. ಸೋಮವಾರ ಬೆಳಿಗ್ಗೆ ಹೈದರಾಬಾದಿನಿಂದ ಲಾರಿ ಬರುತ್ತದೆ. ಇಲ್ಲಿರುವ ಹಳೆಯ ಫಿಲಮ್ಮುಗಳೆಲ್ಲ ತೂಕಕ್ಕೆ ಮಾರಾಟವಾಗಿವೆ. ಕೊಂಡವರು ಅವನ್ನು ತೊಳೆದು ಅದರೊಳಗಿನ ಬೆಳ್ಳಿ ತೆಗೆಯುತ್ತಾರೆ. ತೊಳೆದ ಮೇಲೆ ಉಳಿಯುವುದು ಬರೀ ಪ್ಲಾಸ್ಟಿಕ್ಕು. ಆ ರಾಶಿಯ ಒಂಬತ್ತು ಫಿಲಮ್ಮುಗಳಲ್ಲಿ ಹನ್ನೊಂದು ವರ್ಷ ಹಳೆಯ ಒಂದು ತಪ್ಪಿದೆ, ಅದು ವಿಜ್ಞಾನದ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಹೋಗಿದೆ. ಲಾರಿ ಬರುವುದರೊಳಗೆ ಆ ಒಂಬತ್ತನ್ನೂ ಮತ್ತೆ ಓದಿ ಮುಗಿಸಿದರೆ ತಪ್ಪನ್ನು ತೋರಿಸಬಹುದು. ಮುಗಿಯದಿದ್ದರೆ ಅದು ಶಾಶ್ವತವಾಗಿ ಸತ್ಯವೆಂದೇ ಉಳಿಯುತ್ತದೆ. ಮುನ್ನೂರ ನಲವತ್ತು ಜೋಡಿ ಚುಕ್ಕೆಗಳು, ನಾಲ್ಕು ಬೆಳಗು, ಒಂದು ಕಣ್ಣು.

ಸಾಬಮ್ಮನವರಿಗೆ ಈಗ ಐವತ್ತರ ಮೇಲೆ ಎರಡೋ ಮೂರೋ. ಗಂಡ ಪೀರಪ್ಪ ಗಣಿಯಲ್ಲಿ ಕಲ್ಲೆಬ್ಬಿಸುತ್ತಿದ್ದವರು. ೧೯೬೧ರಲ್ಲಿ ಕಲ್ಲಿನ ಹಾಸು ಜಾರಿ ಅದರಡಿಯಲ್ಲೇ ಹೋದರು. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಸಾಬಮ್ಮ ಕಲ್ಲಿಗೆ ಹೊಳಪು ಕೊಡುವ ಪಾಲಿಶ್ ಅಡ್ಡೆಗೆ ಬಂದು ಕಲ್ಲು ಆರಿಸುವ ಕೆಲಸ ಹಿಡಿದರು. ಒಂದು ಮನೆಯ ನೆಲಕ್ಕೆ ಹೋಗುವ ಫರಸಿಯೆಲ್ಲ ಒಂದೇ ಬೂದುಬಣ್ಣದ್ದಿರಬೇಕು. ಒದ್ದೆಯಲ್ಲಿ ಒಂದೇ ಕಂಡದ್ದು ಒಣಗಿದಾಗ ಎರಡಾಗುತ್ತದೆ. ಅದನ್ನು ಮೊದಲೇ ಹೇಳಬಲ್ಲ ಕಣ್ಣು ಆ ಅಡ್ಡೆಯಲ್ಲಿ ಇದ್ದದ್ದು ಇವರದೊಂದೇ.

ಡಾಕ್ಟರ್ ಬಸವಂತರಾಯರು ಇವರನ್ನು ಕಂಡದ್ದು ಅಲ್ಲೇ. ಕಾಳಗಿ ಕಡೆಯವರು, ವಿದೇಶದಲ್ಲಿ ಹರಳುಗಳ ಶಾಸ್ತ್ರ ಓದಿ ಬಂದು, ಗಣಿ ಮಾಲೀಕರು ಸೇರಿ ಕಟ್ಟಿಸಿದ ಈ ಕಲ್ಲು ಪರೀಕ್ಷೆಯ ಕೇಂದ್ರಕ್ಕೆ ಮುಖ್ಯಸ್ಥರಾಗಿದ್ದರು. ೧೯೬೬ರಲ್ಲಿ ಕೇಂದ್ರದ ನೆಲಕ್ಕೆ ಕಲ್ಲು ಕೊಳ್ಳಲು ಅಡ್ಡೆಗೆ ಹೋದಾಗ ಸಾಬಮ್ಮ ಒಂದು ಹಾಸನ್ನು ಗಾಡಿಗೆ ಹಾಕಲು ಬಿಡಲಿಲ್ಲ.

"ಇದರ ರಂಗ ಬ್ಯಾರೆ ಅದ ಸಾಹೇಬ್ರ ಅಂದೆ. ಅವರು ಕನ್ನಡಕ ತಗದು ನೋಡಿದ್ರು, ಹಾಕ್ಕೊಂಡು ನೋಡಿದ್ರು. ಏನೂ ಫರಕ್ ಇಲ್ಲಲ್ಲ ಅಂದ್ರು. ಎರಡು ದಿನ ಬಿಸಲಿಗಿ ಇಡ್ರಿ ಅಂದೆ. ಮೂರನೇ ದಿನ ತಾವೇ ನಡಕೋತ ಬಂದ್ರು ನೋಡ್ರಿ" ಎಂದು ಸಾಬಮ್ಮ ನಗುತ್ತಾರೆ. ಆ ದಿನವೇ ರಾಯರು ಚುಕ್ಕೆಯ ಪಟ್ಟಿ ತಂದು ಪರೀಕ್ಷೆ ಮಾಡಿದರಂತೆ. ಕಾಲೇಜು ಓದಿ ಬಂದ ಇಬ್ಬರು ಸಹಾಯಕರು ತಪ್ಪಿದ ಕಡೆ ಈಕೆ ತಪ್ಪಲಿಲ್ಲ.

ಆಗಿನಿಂದ ಹದಿನಾರು ವರ್ಷ ಈ ಕೇಂದ್ರದಲ್ಲಿ ಚುಕ್ಕೆ ಓದಿದ್ದಾರೆ. ಒಳ್ಳೆಯ ದಿನಗಳಲ್ಲಿ ಬೆಳಗಿಗೆ ಇನ್ನೂರು ಚುಕ್ಕೆ. ಎಂಟಕ್ಕೆ ಪೊರಕೆ ಹಿಡಿದು ಎರಡರವರೆಗೆ ಕಟ್ಟಡ ಗುಡಿಸುತ್ತಾರೆ. ಏಕೆಂದರೆ ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ ಕಸ ಗುಡಿಸುವುದು. ಓದುವ ಕಣ್ಣಿಗೆಂದು ನಮ್ಮಲ್ಲಿ ಹುದ್ದೆ ಇಲ್ಲ ಎಂದು ಕಚೇರಿಯ ಮ್ಯಾನೇಜರರು ನನಗೆ ಬಹಳ ತಾಳ್ಮೆಯಿಂದ ತಿಳಿಸಿ ಹೇಳಿದರು. ನಾನೂ ತಾಳ್ಮೆಯಿಂದಲೇ ಕೇಳಿಸಿಕೊಂಡೆ, ಮೈ ಉರಿಯುತ್ತಿತ್ತು. ತಮ್ಮ ಹೆಸರೂ ಕೇಂದ್ರದ ಹೆಸರೂ ಬರೆಯಬಾರದೆಂದು ಅವರು ಕೇಳಿಕೊಂಡಿದ್ದಾರೆ, ಬರೆಯುತ್ತಿಲ್ಲ.

ಈಗ ಆ ತಪ್ಪಿನ ವಿಷಯ. ಚಿಂಚೋಳಿಯ ಕಾಡಿನಲ್ಲಿ ಒಂದು ಬಳ್ಳಿಯಿದೆ. ವಯಸ್ಸಾದವರ ಕೈ ನಡುಗತೊಡಗಿದರೆ ಅದರ ಬೇರು ಕುದಿಸಿ ಕುಡಿಸುವುದು ಅಲ್ಲಿನ ತಾಂಡಾಗಳ ರೂಢಿ. ರಾಯರು ಆ ಬೇರಿನ ಸಾರ ತೆಗೆದು, ಬ್ರೋಮಿನ್ ಸೇರಿಸಿ, ಸಣ್ಣ ಹರಳುಗಳನ್ನು ಬೆಳೆಸಿದರು. ಕಲ್ಲು ಪರೀಕ್ಷೆಯ ಯಂತ್ರ ಬಿಡುವಾಗಿದ್ದಾಗ ಆ ಹರಳಿಗೆ ಎಕ್ಸ್‌ರೇ ಹಾಯಿಸಿ ಫಿಲಮ್ಮು ತೆಗೆಸಿದರು. ಒಳಗಿನ ಅಣುಗಳು ಹೇಗೆ ಕೂತಿವೆ ಎಂಬುದನ್ನು ಚುಕ್ಕೆಗಳ ಗಾಢತೆಯಿಂದ ಲೆಕ್ಕ ಹಾಕಬಹುದು. ಆದರೆ ಅಂಥ ಅಣುವಿಗೆ ಎರಡು ರೂಪ ಇರಬಹುದು, ಎಡಗಾಲಿನ ಚಪ್ಪಲಿ ಮತ್ತು ಬಲಗಾಲಿನ ಚಪ್ಪಲಿ ಇದ್ದಂತೆ. ಮೈಯೊಳಗೆ ಹೋದಾಗ ಒಂದು ರೂಪ ಔಷಧಿಯಾದರೆ ಇನ್ನೊಂದು ನೀರಿಗೆ ಸಮ, ಒಮ್ಮೊಮ್ಮೆ ವಿಷಕ್ಕೆ ಸಮ. ಬಳ್ಳಿ ಮಾಡುವುದು ಯಾವುದನ್ನು ಎಂದು ತಿಳಿಯದೆ ಕಾರ್ಖಾನೆಯಲ್ಲಿ ಮಾಡಲು ಬರುವುದಿಲ್ಲ.

ತೊಂದರೆ ಏನೆಂದರೆ, ಸಾಧಾರಣವಾಗಿ ಎಕ್ಸ್‌ರೇಗೆ ಈ ಎಡ–ಬಲ ಕಾಣುವುದಿಲ್ಲ. ಹರಳಿನ ಒಂದು ಕಡೆಯಿಂದ ಬಂದ ಚುಕ್ಕೆ, ಅದಕ್ಕೆ ಎದುರು ಕಡೆಯಿಂದ ಬಂದ ಚುಕ್ಕೆ, ಎರಡೂ ಸಮ ಗಾಢ. ಇದು ಹೇಗೆ ಬದಲಾಗುತ್ತದೆ ಎಂದು ರಾಯರು ಸಾಬಮ್ಮನವರಿಗೆ ಹಲಗೆ ವಾದ್ಯದ ಲೆಕ್ಕದಲ್ಲಿ ಹೇಳಿಕೊಟ್ಟಿದ್ದರಂತೆ. ಸಾಬಮ್ಮ ನನಗೆ ಹೇಳಿದ್ದು ಹೀಗೆ:

"ಉದ್ದನ ಓಣಿದಾಗ ಈ ಕಡಿ ಒಬ್ಬ, ಜರಾ ಮುಂದ ಆ ಕಡಿ ಒಬ್ಬ ಹಲಗಿ ಬಾರಸಾಕತ್ತಾರ ಅಂತ ತಿಳ್ಕೋರಿ. ಇಬ್ಬರೂ ಒಂದೇ ಸಲ ಹೊಡದ್ರ, ನೀವು ಈ ತುದಿಗಿ ನಿಂತು ಕೇಳ್ರಿ, ಆ ತುದಿಗಿ ನಿಂತು ಕೇಳ್ರಿ, ಎರಡು ಹೊಡತದ ನಡುವಿನ ಅಂತರ ಒಂದೇ. ಅವರೊಳಗ ಒಬ್ಬ ಜರಾ ತಡದು ಹೊಡದ್ನಂದ್ರ? ಒಂದು ತುದಿಗಿ ಎರಡೂ ಹೊಡತ ಹತ್ರ ಕೇಳ್ತಾವ, ಇನ್ನೊಂದು ತುದಿಗಿ ದೂರ ಕೇಳ್ತಾವ. ಆ ಬ್ರೋಮಿನ್ ಅಂಬೋದು ಹಂಗ ತಡದು ಹೊಡಿಯವ. ಅದಕ್ಕ ಈ ಚುಕ್ಕಿ ಏಳು, ಅದರ ಜೋಡಿ ಎಂಟೂವರಿ."

ನಾನು ಮರುದಿನ ಗುಲಬರ್ಗಾದ ಒಬ್ಬ ಭೌತಶಾಸ್ತ್ರದ ಉಪನ್ಯಾಸಕರಿಗೆ ಇದನ್ನು ಹೇಳಿದೆ. ಅವರು ತಮ್ಮ ತರಗತಿಯಲ್ಲಿ ಇನ್ನು ಮೇಲೆ ಹೀಗೇ ಹೇಳುತ್ತೇನೆ ಎಂದರು. ಭಾರದ ಪರಮಾಣು ಎಕ್ಸ್‌ರೇಯನ್ನು ಒಂದು ಗಳಿಗೆ ನುಂಗಿ ಹಿಡಿದಂತೆ ಮಾಡಿ ಬಿಡುತ್ತದೆ, ಅದರಿಂದ ಜೋಡಿ ಚುಕ್ಕೆಗಳು ಅಸಮವಾಗುತ್ತವೆ, ಯಾವ ಬದಿಯದು ಹೆಚ್ಚು ಕಪ್ಪು ಎಂದು ನೋಡಿದರೆ ಅಣು ಎಡಗೈಯದೋ ಬಲಗೈಯದೋ ತಿಳಿಯುತ್ತದೆ. ಇಷ್ಟೇ ವಿಷಯ. ಆದರೆ ಫಿಲಮ್ಮಿನ ಎಡ ಯಾವುದು, ಬಲ ಯಾವುದು ಎನ್ನುವುದು ಮೊದಲು ಗೊತ್ತಿರಬೇಕು. ಎಕ್ಸ್‌ರೇ ಫಿಲಮ್ಮಿಗೆ ಎರಡೂ ಮುಖ ಒಂದೇ ಥರ. ತಿರುವಿ ಇಟ್ಟರೆ ಬಲ ಎಡವಾಗುತ್ತದೆ, ಅಣುವೂ ಕನ್ನಡಿಯೊಳಗಿನದಾಗುತ್ತದೆ.

ಅದಕ್ಕೇ ಒಂದು ಪದ್ಧತಿ. ಕತ್ತಲೆ ಕೋಣೆಯಲ್ಲಿ ಫಿಲಮ್ಮನ್ನು ಕ್ಯಾಮೆರಾಕ್ಕೆ ಹಾಕುವ ಮೊದಲು ಅದರ ಮೇಲಿನ ಬಲ ಮೂಲೆಯನ್ನು ಕತ್ತರಿಯಿಂದ ಕತ್ತರಿಸಬೇಕು. ಓದುವಾಗ ಆ ಮೂಲೆ ಬಲಗಡೆಗೆ ಬರುವಂತೆ ಇಡುತ್ತಾರೆ. ಕತ್ತಲೆಯಲ್ಲಿ ಬಲ ಯಾವುದೆಂದು ಗಲಿಬಿಲಿಯಾಗದಿರಲಿ ಎಂದು ರಾಯರು ಸುಲಭದ ಸೂತ್ರ ಮಾಡಿದ್ದರು: ಕತ್ತರಿ ಹಿಡಿದ ಕೈಯ ಕಡೆಯ ಮೂಲೆ ಕತ್ತರಿಸು. ಕತ್ತಲೆ ಕೋಣೆಯ ಕೆಲಸಕ್ಕೆ ಇದ್ದವರು ಮುನಾಫ. ಹೇಳಿದ್ದನ್ನು ಒಂದು ಕೂದಲೂ ತಪ್ಪದ ಹಾಗೆ ಮಾಡುವ ಮನುಷ್ಯ.

ಮುನಾಫ ಎಡಗೈಯವರು. ಅದು ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವ್ವ ಆ ಕೈಯನ್ನು ಬಟ್ಟೆಯಿಂದ ಸೊಂಟಕ್ಕೆ ಕಟ್ಟುತ್ತಿದ್ದಳು, ಶಾಲೆಯಲ್ಲಿ ಬೆತ್ತ ಬೀಳುತ್ತಿತ್ತು. ದೊಡ್ಡವರಾಗುವ ಹೊತ್ತಿಗೆ ಊಟ, ಬರಹ, ಚಹಾ ಕೊಡುವುದು ಎಲ್ಲ ಬಲಗೈಗೆ ಬಂದಿತ್ತು. ಎಡಗೈಲಿ ಕೊಟ್ಟ ಲೋಟವನ್ನು ಈ ಸೀಮೆಯಲ್ಲಿ ಯಾರು ಮುಟ್ಟುತ್ತಾರೆ? ಆದರೆ ಕತ್ತಲೆ ಕೋಣೆಯಲ್ಲಿ ನೋಡುವವರಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಕೈ ತನ್ನ ಹುಟ್ಟಿದ ರೀತಿಗೆ ಹೋಗುತ್ತಿತ್ತು. ಕತ್ತರಿ ಎಡಗೈಯಲ್ಲಿ, ಕತ್ತರಿಸಿದ್ದು ಎಡಗಡೆಯ ಮೂಲೆ. ಕಲ್ಲಿನ ಪರೀಕ್ಷೆಗೆ ಎಡ–ಬಲದ ಹಂಗಿಲ್ಲ, ಹಾಗಾಗಿ ವರ್ಷಗಟ್ಟಲೆ ಏನೂ ಕೆಡಲಿಲ್ಲ. ಕೆಟ್ಟದ್ದು ಬಳ್ಳಿಯ ಒಂಬತ್ತು ಫಿಲಮ್ಮುಗಳಲ್ಲಿ. ಒಂಬತ್ತೂ ಒಂದೇ ಕೈಯವಾದ್ದರಿಂದ ಒಂದಕ್ಕೊಂದು ಸರಿಯಾಗಿ ಹೊಂದಿದವು, ಅನುಮಾನಕ್ಕೆ ಎಡೆಯೇ ಇರಲಿಲ್ಲ.

೧೯೭೧ರಲ್ಲಿ ಬಸವಂತರಾಯರ ಲೇಖನ ಆ ಪತ್ರಿಕೆಯಲ್ಲಿ ಅಚ್ಚಾಯಿತು: ಬಳ್ಳಿಯ ಅಣು ಎಡಗೈಯದು. ದೂರದ ಊರಿನ ಔಷಧ ಕಂಪನಿಯೊಂದು ಅದನ್ನು ನಂಬಿ ಮೂರು ವರ್ಷ ಒದ್ದಾಡಿ ಎಡಗೈಯ ಅಣುವನ್ನೇ ತಯಾರಿಸಿ, ಪ್ರಾಣಿಗಳಿಗೆ ಕೊಟ್ಟು ನೋಡಿತು. ಏನೂ ಆಗಲಿಲ್ಲ. ಈ ಬೇರಿನಲ್ಲಿ ಗುಣವಿಲ್ಲ ಎಂದು ಬರೆದು ಕಡತ ಕಟ್ಟಿಟ್ಟರು. ಅದಾದ ಮೇಲೆ ಆ ಬಳ್ಳಿಯನ್ನು ಯಾವ ವಿಜ್ಞಾನಿಯೂ ಮುಟ್ಟಿಲ್ಲ. ಕೈ ನಡುಗುವ ಮುದುಕರು ಚಿಂಚೋಳಿಯಲ್ಲೂ ಇದ್ದಾರೆ, ಬೇರೆಡೆಯೂ ಇದ್ದಾರೆ. ಬೇರು ಅವರಿಗೆ ನಿಜವಾಗಿ ಆಗಿಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ ಎನ್ನುವುದೇ ನನ್ನ ಸಂಕಟ, ಪರೀಕ್ಷೆಯಾದದ್ದು ಬಳ್ಳಿ ಮಾಡದ ಅಣುವಿಗೆ.

ಸಾಬಮ್ಮನಿಗೆ ಇದು ಹೊಳೆದದ್ದು ೧೯೭೬ರಲ್ಲಿ, ಮುನಾಫರ ಕೈ ನೋಡಿ. ಹರಳನ್ನು ಎಕ್ಸ್‌ರೇಯ ದಾರಿಗೆ ಸರಿಯಾಗಿ ನಿಲ್ಲಿಸುವುದೂ ಮುನಾಫರದೇ, ಅದು ಬೆರಳಿನ ಕೆಲಸ. ಕಿರಣವನ್ನು ಮುಚ್ಚಿ, ಸರಿಸಿ, ಮತ್ತೆ ತೆರೆದು ನೋಡಬೇಕು. ಹಾಗೆ ಮಾಡಿದರೆ ಅರ್ಧ ದಿನ ಹಿಡಿಯುತ್ತದೆ ಎಂದು ತೆರೆದಿಟ್ಟೇ ಸರಿಸುವುದು ಇಲ್ಲಿ ರೂಢಿಯಾಗಿತ್ತು. ದೀಪ ಆರಿಸಿದ ಕೋಣೆಯಲ್ಲಿ, ಹೊಳೆಯುವ ಸಣ್ಣ ಪರದೆಯೊಂದನ್ನು ನೋಡುತ್ತ, ವರ್ಷಗಟ್ಟಲೆ. ಕಿರಣ ತಾಗಿದ್ದು ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಮೊದಲು ಉಗುರು ಸೀಳುತ್ತದೆ, ಆಮೇಲೆ ಚರ್ಮ ಕಪ್ಪಾಗಿ ಒಡೆಯುತ್ತದೆ, ಒಡೆದದ್ದು ಮಾಯುವುದಿಲ್ಲ.

"ರಂಜಾನ್ ಹಬ್ಬದ ಮರುದಿನ ಸುರಕುಂಬಾ ಪಾಯಸ ತಂದು ಕೊಟ್ಟ ಮುನಾಫ್ ಭಾಯಿ. ಬಲಗೈಲೇ ಕೊಟ್ಟ. ಎಡಗೈಗಿ ಬಟ್ಟಿ ಸುತ್ತಿದ್ದ. ಬಿಚ್ಚು ಅಂದೆ. ಎರಡು ಬೆರಳು ಇದ್ದಲಿ ಆಗಿದ್ವು ಸರ. ಬಲಗೈ ನೋಡಿದ್ರ ಕೂಸಿನ ಕೈಯಂಗ ಸಾಫ್ ಅದ. ಕೆಲಸ ಬಲಗೈ ಮಾಡಿದ್ರ ಬಲಗೈ ಸುಡಬೇಕಲ್ಲ? ಕತ್ತಲದಾಗ ಯಾವ ಕೈಲೆ ಮಾಡ್ತಿ ಭಾಯಿ ಅಂತ ಕೇಳಿದೆ. ತಲಿ ಬಾಗಿಸಿ ಕುಂತ."

ಸಾಬಮ್ಮ ಅದೇ ದಿನ ಬೀರುವಿನಿಂದ ಒಂಬತ್ತು ಫಿಲಮ್ಮುಗಳನ್ನೂ ತೆಗೆದು ನೋಡಿದರು. ನೇರ ಬರುವ ಕಿರಣ ಫಿಲಮ್ಮನ್ನು ಸುಡದಿರಲೆಂದು ಕ್ಯಾಮೆರಾದ ನಡುವೆ ಸೀಸದ ಗುಂಡಿಯೊಂದಿರುತ್ತದೆ. ಅದನ್ನು ಹಿಡಿದ ತಂತಿ ಯಾವಾಗಲೂ ಬಲಗಡೆಯಿಂದ ಬರುತ್ತದೆ, ಅದರ ನೆರಳು ಫಿಲಮ್ಮಿನ ಮೇಲೆ ತೆಳುವಾದ ಬಿಳಿ ಗೆರೆಯಾಗಿ ಬೀಳುತ್ತದೆ. ಕತ್ತರಿಸಿದ ಮೂಲೆಯೂ ಆ ಗೆರೆಯೂ ಒಂದೇ ಬದಿಗಿರಬೇಕು. ಒಂಬತ್ತರಲ್ಲೂ ಎದುರು ಬದುರಾಗಿದ್ದವು. ಗೆರೆ ಅದೆಷ್ಟು ತೆಳುವೆಂದರೆ ಸಾಬಮ್ಮ ಬೆರಳಿಟ್ಟು ತೋರಿಸಿದ ಮೇಲೂ ನನಗೆ ಕಾಣಲಿಲ್ಲ. ಕಂಡಿತು ಎಂದು ಸುಳ್ಳು ಹೇಳಿದೆ, ಆಕೆ ನಂಬಲಿಲ್ಲ.

ಮುನಾಫ ಕೈ ಮುಗಿದು ಬೇಡಿಕೊಂಡರು. ಆಗ ಅವರ ಆಸ್ಪತ್ರೆಯ ಕಾಗದಗಳು ಕಚೇರಿಯಲ್ಲಿದ್ದವು. ಕೆಲಸದಿಂದಲೇ ಕೈ ಹೋಯಿತೆಂದು ಒಪ್ಪಿಕೊಳ್ಳಿ ಎಂದು ಅರ್ಜಿ. ಈ ಸುದ್ದಿ ಹೊರಬಿದ್ದರೆ, ಎಡಗೈಲಿ ಮಾಡಿದ್ದೇ ನಿನ್ನ ತಪ್ಪು, ಸುಟ್ಟುಕೊಂಡದ್ದೂ ನಿನ್ನ ತಪ್ಪು ಎನ್ನುತ್ತಾರೆ ಎಂಬ ಭಯ. "ನಾ ಇರೋ ತನಕ ಹೇಳಬ್ಯಾಡ ಅಕ್ಕಾ ಅಂದ. ಆಯ್ತು ಅಂದೆ. ಏನ್ ಮಾಡಲಿ?" ಎಂದು ಸಾಬಮ್ಮ ನನ್ನನ್ನು ಕೇಳಿದರು. ಅರ್ಜಿಯ ಮೇಲೆ ಕಚೇರಿ ಬರೆದದ್ದು 'ಚರ್ಮರೋಗ' ಎಂದು. ಎರಡು ಬೆರಳು ತೆಗೆದರು, ಆಮೇಲೆ ಮಣಿಕಟ್ಟಿನವರೆಗೆ ತೆಗೆದರು, ಅಷ್ಟರಲ್ಲಿ ಕಂಕುಳಿಗೆ ಗಂಟು ಬಂದಿತ್ತು. ೧೯೭೮ರ ಮಳೆಗಾಲದಲ್ಲಿ ಮುನಾಫ ತೀರಿಕೊಂಡರು, ನಲವತ್ತೆರಡು ವರ್ಷ. ಅನುಕಂಪದ ಮೇಲೆ ಹೆಂಡತಿ ಕಮರುನ್ನೀಸಾ ಅವರಿಗೆ ಇದೇ ಕೇಂದ್ರದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಕೊಟ್ಟರು.

ಮುನಾಫ ತೀರಿ ನಲವತ್ತು ದಿನ ಕಳೆದ ಮೇಲೆ ಸಾಬಮ್ಮ ಫಿಲಮ್ಮು ಹಿಡಿದುಕೊಂಡು ರಾಯರ ಕೋಣೆಗೆ ಹೋದರು. ರಾಯರು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು, ವಾಪಸು ಕೊಟ್ಟರು, ನೋಡೋಣ ಎಂದರು. ಮರುವರ್ಷ ನಿವೃತ್ತರಾಗಿ ಹೋದರು. ಈಗ ಚಿತ್ತಾಪುರದಲ್ಲಿದ್ದಾರೆ. ಕೇಂದ್ರಕ್ಕೆ ಹೊಸ ಎಕ್ಸ್‌ರೇ ಯಂತ್ರ ಬಂದಿದೆ, ಅದಕ್ಕೆ ಫಿಲಮ್ಮೂ ಬೇಡ, ಕಣ್ಣೂ ಬೇಡ. ಆದ್ದರಿಂದ ಹಳೆಯದೆಲ್ಲ ಲಾರಿಗೆ. ಒಂಬತ್ತು ಫಿಲಮ್ಮು ಬಿಟ್ಟುಕೊಡಿ ಎಂದು ನಾನು ಮ್ಯಾನೇಜರರನ್ನು ಕೇಳಿದೆ. ಎಲ್ಲ ಪಟ್ಟಿಗೆ ಹತ್ತಿಹೋಗಿದೆ, ಒಂದು ತುಂಡೂ ಹೊರಗೆ ಕೊಡುವ ಹಾಗಿಲ್ಲ ಎಂದರು. ಮೇಜಿನ ಮೇಲಿಟ್ಟು ಓದಿಕೊಳ್ಳಲು ಮಾತ್ರ ಅಡ್ಡಿಯಿಲ್ಲವಂತೆ, ಗುಡಿಸುವ ಹೊತ್ತಿಗೆ ಮೊದಲು.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಚಿತ್ತಾಪುರಕ್ಕೆ ಹೋದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಬಸವಂತರಾಯರು ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. "ಬರ್ರಿ, ಕುಂದ್ರಿ" ಎಂದರು. ನಾನು ಕೇಳುವ ಮೊದಲೇ ಟ್ರಂಕಿನಿಂದ ಒಂದು ಲಕೋಟೆ ತೆಗೆದು ಮುಂದಿಟ್ಟರು. ನಾಲ್ಕು ವರ್ಷದ ಹಿಂದೆ ಆ ಪತ್ರಿಕೆಗೆ ಬರೆದ ತಿದ್ದುಪಡಿಯ ಕಾಗದ. ಅಂಚೆಗೆ ಹಾಕಿರಲಿಲ್ಲ.

"ಸತ್ತವನ ಹೆಸರಿಗಿ ಮಸಿ ಹತ್ತಬಾರದು ಅಂತ ಹಾಕಲಿಲ್ಲ ಅಂತ ನನಗ ನಾನೇ ಹೇಳ್ಕೊಂಡೆ" ಎಂದರು. "ಅದು ಸುಳ್ಳು. ನನ್ನ ಲೇಖನ ಹೊರಗಿನ ಮಂದಿ ಓದಿದ್ದು ಅದೊಂದೇ ನೋಡ್ರಿ. ಅದನ್ನ ಕೈಯಾರೆ ಹರಿದು ಹಾಕಲಿಕ್ಕೆ ಆಗಲಿಲ್ಲ. ಮುನಾಫ ನಾ ಹೇಳಿದಂಗೇ ಮಾಡಿದ. ಕತ್ತರಿ ಹಿಡಿದ ಕೈ ಅಂದ್ರ ಬಲಗೈ ಅಂತ ತಿಳಕೊಂಡವ ನಾನು. ಕಿರಣ ತೆರೆದಿಟ್ಟು ಹರಳು ಸರಿಸೋದು ಕಂಡೂ ಸುಮ್ಮನಿದ್ದವನೂ ನಾನೇ." ಅವರ ಕಣ್ಣು ತುಂಬಿತ್ತು. ಅವರ ಮೇಲೆ ಸಿಟ್ಟು ಉಳಿಸಿಕೊಳ್ಳಲು ಬಹಳ ಪ್ರಯತ್ನಪಟ್ಟೆ, ಅರ್ಧದಷ್ಟು ಉಳಿಯಿತು.

ಈಗಲಾದರೂ ಕಳಿಸಿ ಎಂದೆ. ಕಳಿಸಬಹುದು, ಆದರೆ ಹಳೆಯ ಓದಿನ ಪುಸ್ತಕಗಳನ್ನು ಗೆದ್ದಲು ತಿಂದಿದೆ, ಸಾಬಮ್ಮನ ಹೊಸ ಅಂಕಿಗಳು ಪೂರ್ತಿ ಬೇಕು, ಒಂದೊಂದು ಫಿಲಮ್ಮಿನಲ್ಲೂ ನೆರಳು ಯಾವ ಬದಿಗಿದೆ ಎಂಬುದು ಬೇಕು ಎಂದರು. ಇನ್ನೊಂದು ಮಾತು. ತಪ್ಪು ಹೇಗಾಯಿತು ಎಂದು ಪತ್ರಿಕೆಯವರು ಕೇಳಿಯೇ ಕೇಳುತ್ತಾರೆ. ಎಡಗೈಯ ವಿಷಯ ಬರೆಯದೆ ಗತಿಯಿಲ್ಲ. ಕಮರುನ್ನೀಸಾ ಒಪ್ಪಿದರೆ ಮಾತ್ರ ಸಹಿ ಹಾಕುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೊಸ ಕಾಗದ ಬರೆದು ನನ್ನ ಕೈಗೆ ಕೊಟ್ಟರು.

ಶನಿವಾರ ಬೆಳಿಗ್ಗೆ ಕರೆಂಟು ಇರಲಿಲ್ಲ. ಸಾಬಮ್ಮ ಮೇಜಿನ ಮುಂದೆ ಕೈ ಮಡಿಲಲ್ಲಿಟ್ಟು ಕುಳಿತೇ ಇದ್ದರು. ಆರು ಗಂಟೆಗೆ ಬಂತು, ಅರ್ಧ ಗಂಟೆಯಲ್ಲಿ ಮೂವತ್ತೊಂದು ಜೋಡಿ. ಆಮೇಲೆ ಪೊರಕೆ ಹಿಡಿದರು. ಎಡಗಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಸೆರಗಿನಿಂದ ಒರೆಸಿಕೊಂಡು ಗುಡಿಸಿದರು. ಉಳಿದದ್ದು ನೂರ ಎಪ್ಪತ್ತು ಜೋಡಿ, ಉಳಿದದ್ದು ಒಂದು ಬೆಳಗು. ಆಗುವುದಿಲ್ಲ ಎಂದು ನನಗನ್ನಿಸಿತು.

ಭಾನುವಾರ ಕಲ್ಲು ಪುಡಿ ಮಾಡುವ ಯಂತ್ರಕ್ಕೆ ರಜೆ ಎನ್ನುವುದು ನನಗೆ ಮರೆತುಹೋಗಿತ್ತು, ಸಾಬಮ್ಮನಿಗೆ ನೆನಪಿತ್ತು. ನಸುಕಿಗೆ ಕುಳಿತವರು ಬಿಸಿಲೇರಿದರೂ ಏಳಲಿಲ್ಲ. ಕಮರುನ್ನೀಸಾ ಒಂಬತ್ತಕ್ಕೆ ರೊಟ್ಟಿ ಕಟ್ಟಿಕೊಂಡು ಬಂದರು. ನಾನು ಅವರಿಗೆ ಮೊದಲಿನಿಂದ ಎಲ್ಲ ಹೇಳಿದೆ.

"ಎಡಗೈಯವರು ಅಂತ ನಿಮಗೆ ಗೊತ್ತಿತ್ತೇ?" ಎಂದು ಕೇಳಿದೆ.

"ಗೊತ್ತಿತ್ರಿ. ಮಗಳ ಜಡಿ ಹೆಣಿಯುವಾಗ ಎಡಗೈ ಮುಂದ ಬರ್ತಿತ್ತು. ನಾ ನೋಡಲಿಕತ್ತೀನಿ ಅಂತ ತಿಳದ ಕೂಡ್ಲೆ ಬದಲಿ ಮಾಡ್ತಿದ್ರು. ಶರಮ್ ಪಡ್ತಾರ ಅಂತ ನಾ ಕೇಳಲಿಲ್ಲ."

ರಾಯರ ಕಾಗದವನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದೆ. ಸೂಚನೆ ಕೊಟ್ಟದ್ದರಲ್ಲೇ ದೋಷವಿತ್ತು, ದೋಷ ತನ್ನದು, ಪ್ರಯೋಗಾಲಯದ ಒಬ್ಬ ಸಹಾಯಕ ಎಡಗೈ ಬಳಸುವವನಾದ್ದರಿಂದ ಫಿಲಮ್ಮುಗಳು ತಿರುವು ಮುರುವಾಗಿ ಗುರುತಾದವು ಎಂದಿತ್ತು. ಮುನಾಫರಿಗೆ ಮಸಿ ಹತ್ತದಿರಲೆಂದು ಹೆಸರು ಬಿಟ್ಟಿದ್ದರು. ಒಪ್ಪಿಗೆಯೇ ಎಂದು ಕೇಳಿದೆ. ಬೇಡವೆಂದರೆ ಯಾರೂ ಏನೂ ಅನ್ನುವುದಿಲ್ಲ, ನಿಮ್ಮ ಕೆಲಸದ ಪ್ರಶ್ನೆಯೂ ಇದೆ ಎಂದೂ ಹೇಳಿದೆ.

"ಒಬ್ಬ ಸಹಾಯಕ ಅಂದ್ರ ಇವರೇ ಏನ್ರಿ?"

"ಹೌದು."

"ಮೊದಲ ಛಾಪಾದಾಗ ಇವರ ಹೆಸರಿತ್ತಾ?"

ರಾಯರ ಮನೆಯಲ್ಲಿ ಆ ಲೇಖನ ನೋಡಿದ್ದೆ. ಕೊನೆಯಲ್ಲಿ ಐದು ಸಾಲು ಕೃತಜ್ಞತೆ ಇದೆ. ಗಣಿ ಮಾಲೀಕರ ಹೆಸರಿದೆ, ಯಂತ್ರ ಮಾರಿದ ಕಂಪನಿಯ ಹೆಸರಿದೆ. ಮುನಾಫರದೂ ಇಲ್ಲ, ಸಾಬಮ್ಮನದೂ ಇಲ್ಲ. ಇರಲಿಲ್ಲ ಎಂದೆ.

ಕಮರುನ್ನೀಸಾ ರೊಟ್ಟಿಯ ಗಂಟು ಬಿಚ್ಚಿದರು, ಮತ್ತೆ ಕಟ್ಟಿದರು. "ಹಂಗಾರ ಇದರಾಗರೆ ಬರೀರಿ. ಮುನಾಫ ಅಂತ ಪೂರಾ ಬರೀರಿ. ಹೇಳಿದಂಗ ಮಾಡ್ಯಾರ, ಎಡಗೈಲೆ ಮಾಡ್ಯಾರ ಅಂತ ಬರೀರಿ. ಆ ಕೈ ಎಲ್ಲಿ ಹೋಯ್ತು ಅಂಬೋದೂ ಬರೀರಿ. ನೌಕರಿ ಹೋದ್ರ ಹೋಗ್ಲಿ."

ಹನ್ನೊಂದೂ ಇಪ್ಪತ್ತಕ್ಕೆ ಸಾಬಮ್ಮ ಕೊನೆಯ ಜೋಡಿ ಬರೆದರು: ಐದು, ಆರು. ದೀಪ ಆರಿಸಿ, ಒಂಬತ್ತು ಫಿಲಮ್ಮುಗಳನ್ನೂ ಒರೆಸಿ, ಮಾರಾಟದ ರಾಶಿಗೆ ವಾಪಸು ಸೇರಿಸಿದರು. ಒಂದನ್ನೂ ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ, ನಾನಾಗಿದ್ದರೆ ಮುಚ್ಚಿಕೊಳ್ಳುತ್ತಿದ್ದೆ. ನೀವು ಇದನ್ನು ಓದುವ ಹೊತ್ತಿಗೆ ಅವುಗಳನ್ನು ತೊಳೆದಾಗಿರುತ್ತದೆ. ಅಂಕಿಗಳು ರಾಯರಿಗೆ ತಲುಪಿವೆ, ಅವರು ಮುನಾಫರ ಹೆಸರೂ ಇನ್ನೊಂದು ಹೆಸರೂ ಸೇರಿಸಿ ಸಹಿ ಹಾಕಿ ಅಂಚೆಗೆ ಕೊಟ್ಟಿದ್ದಾರೆ. ಪತ್ರಿಕೆಯವರು ಅಚ್ಚು ಹಾಕುತ್ತಾರೋ, ಹಾಕಿದರೆ ಯಾರಾದರೂ ಆ ಬಳ್ಳಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೋ, ನನಗೆ ಗೊತ್ತಿಲ್ಲ.

ನಿಮ್ಮ ಹೆಸರನ್ನೂ ಹಾಕಿಸಲೇ ಎಂದು ಆ ಭಾನುವಾರವೇ ಸಾಬಮ್ಮನನ್ನು ಕೇಳಿದ್ದೆ. ಅವರು ಕಣ್ಣಿಗೆ ತಣ್ಣೀರು ಹಾಕಿಕೊಳ್ಳುತ್ತ ಬಾಗಿಲ ಬಳಿ ಕುಳಿತಿದ್ದರು.

"ಹಾಕ್ರಿ. ಮುನಾಫ್ ಭಾಯಿ ಹೆಸರಿನ ಕೆಳಗ ಹಾಕ್ರಿ. ಅವ ಹೇಳಿದಂಗ ಕತ್ತರಿಸ್ಯಾನ, ನಾ ಕಂಡಂಗ ಓದೀನಿ. ಇಬ್ಬರ ಕೆಲಸನೂ ಖರೇನೇ ಅದರಿ. ಅವನಿಗಿ ಮಾತು ಕೊಟ್ಟು ನಾ ಸುಮ್ಮನ ಕುಂತ ಎರಡು ವರ್ಷ ಒಂದು ಬಿಟ್ರ."